ಚಿಮಣಿ: ಡಬ್ಬದ ಮೇಲಿನ ಅಂಕಿಗಿಂತ ಪೈಪಿನ ಅಳತೆ ಮುಖ್ಯ

ರೇಟಿಂಗ್: ಐದರಲ್ಲಿ ನಾಲ್ಕು

ಗೋಡೆಗೆ ಕೂರಿಸುವ, 90 ಸೆಂ.ಮೀ. ಅಗಲದ ಅಡುಗೆಮನೆ ಚಿಮಣಿ ಇದು. ಕೆಲವು ವರ್ಷಗಳಿಂದ ದಿನವೂ ಬಳಸುತ್ತಿದ್ದೇನೆ. ಗಂಟೆಗೆ 800 ಘನ ಮೀಟರ್ ಗಾಳಿ ಎಳೆಯುತ್ತದೆ ಅಂತ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿದೆ. ಚಿಮಣಿ ಚೆನ್ನಾಗಿದೆ. ಆದರೆ ಆ ಒಂದು ಅಂಕಿ ನೋಡಿ ಯಾರೂ ಕೊಳ್ಳಬೇಡಿ.

ಮೊದಲು ಅಡುಗೆಮನೆ ಲೆಕ್ಕ. 3 ಮೀಟರ್ ಉದ್ದ, 2.5 ಅಗಲ, 2.8 ಎತ್ತರ ಅಂದರೆ 21 ಘನ ಮೀಟರ್. ಗಂಟೆಗೆ 10ರಿಂದ 15 ಸಲ ಗಾಳಿ ಬದಲಾಗಲಿ ಅನ್ನುವುದು ರೂಢಿಯ ಲೆಕ್ಕ. ಹಾಗೆ ನೋಡಿದರೆ 210ರಿಂದ 315 ಸಾಕು. ಆದರೆ ಹೊಗೆ ಏಳುವುದು ಒಲೆಯಿಂದ, ಕೋಣೆಯಿಂದಲ್ಲ. ಅದಕ್ಕೇ ಒಲೆಯ ಅಗಲ ಹಿಡಿದು ಲೆಕ್ಕ ಹಾಕುವುದು ನನಗೆ ಸರಿ ಅನ್ನಿಸುತ್ತದೆ. ಗೋಡೆಗೆ ಒರಗಿದ ಒಲೆಗೆ ಒಂದು ಅಡಿ ಅಗಲಕ್ಕೆ ಗಂಟೆಗೆ ಸುಮಾರು 170 ಘನ ಮೀಟರ್. ಗೋಡೆಗೆ ತಾಗದೆ ಅಡುಗೆಮನೆಯ ನಡುವೆ ನಿಂತ ಒಲೆಯಾದರೆ ಅದರ ಒಂದೂವರೆ ಪಟ್ಟು. ನನ್ನದು 75 ಸೆಂ.ಮೀ. ಒಲೆ, ಅಂದರೆ ಸುಮಾರು 425.

ಹಾಗಾದರೆ 800 ಜಾಸ್ತಿಯೇ ಆಯ್ತಲ್ವಾ? ಇಲ್ಲ. ಇಂಥ ಅಂಕಿಗಳು ಎಷ್ಟೋ ಸಲ ಪೈಪ್ ಜೋಡಿಸದೆ ಅಳೆದವು. ಪೈಪ್ ಬಿದ್ದ ಕೂಡಲೇ ಗಾಳಿ ಇಳಿಯುತ್ತದೆ. ಈ ಚಿಮಣಿಯ ಬಾಯಿ 150 ಮಿ.ಮೀ. ಕೂರಿಸಲು ಬಂದವರು 100 ಮಿ.ಮೀ. ಪೈಪ್ ತಂದಿದ್ದರು, ಜೊತೆಗೆ ದೊಡ್ಡ ಬಾಯಿಗೆ ಸಣ್ಣ ಪೈಪ್ ಕೂರಿಸುವ ಒಂದು ರಿಡ್ಯೂಸರ್. "ಎಲ್ಲರಿಗೂ ಇದನ್ನೇ ಹಾಕೋದು ಸರ್" ಅಂದರು. ನಾನು ಒಪ್ಪಲಿಲ್ಲ. 100ರ ಪೈಪಿನ ಬಾಯಿ 150ರ ಅರ್ಧಕ್ಕಿಂತ ಕಡಿಮೆ, ನೂರಕ್ಕೆ ಸುಮಾರು 44 ಭಾಗ ಅಷ್ಟೇ. ಗಾಳಿಯೂ ಹೋಗದು, ಸದ್ದೂ ಜಾಸ್ತಿ. ಬೆಂಡ್‌ಗಳೂ ಹಾಗೇ. ಒಂದೊಂದು ಬೆಂಡ್ ಹಲವು ಅಡಿ ನೇರ ಪೈಪಿನಷ್ಟು ತಡೆಯುತ್ತದೆ. ಸುಕ್ಕುಸುಕ್ಕಾದ ಬಾಗುವ ಪೈಪ್ ಬೇಕೇ ಬೇಕಿದ್ದರೆ ಎಳೆದು ಬಿಗಿಯಾಗಿ, ಚಿಕ್ಕದಾಗಿ ಹಾಕಿಸಿ. ಮಡಚಿಕೊಂಡರೆ ಜಿಡ್ಡು ಅಲ್ಲೇ ಕೂರುತ್ತದೆ.

ಎತ್ತರ ಒಲೆಯಿಂದ 70 ಸೆಂ.ಮೀ. ಇದೆ. ಗ್ಯಾಸ್ ಒಲೆಗೆ ಸಾಮಾನ್ಯವಾಗಿ 65ರಿಂದ 75. ಆದರೂ ನಿಮ್ಮ ಕೈಪಿಡಿ ಹೇಳಿದ್ದೇ ಅಂತಿಮ.

ಒಂದು ಅಂಕ ಕಳೆದದ್ದು ಆಳಕ್ಕೆ. ಅಗಲ ಎಲ್ಲರೂ ಕೇಳುತ್ತಾರೆ, ಹಿಂದಿನಿಂದ ಮುಂದಕ್ಕೆ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಇದರ ಆಳ 48 ಸೆಂ.ಮೀ. ಹಿಂದಿನ ಬರ್ನರ್‌ನ ಹೊಗೆಯನ್ನು ಪೂರ್ತಿ ಎಳೆಯುತ್ತದೆ. ಮುಂದಿನದರಲ್ಲಿ ಜೋರಾಗಿ ಕರಿದರೆ ಸ್ವಲ್ಪ ಮುಖಕ್ಕೇ ಬರುತ್ತದೆ. ಹಾಗಾಗಿ ಕರಿಯುವುದು, ಹುರಿಯುವುದೆಲ್ಲ ಈಗ ಹಿಂದಿನ ಬರ್ನರ್‌ನಲ್ಲೇ.

ಪೂರ್ತಿ ವೇಗದಲ್ಲಿ ಪಕ್ಕದವರ ಮಾತು ಕೇಳಿಸುವುದಿಲ್ಲ. ದಿನನಿತ್ಯ ನಡುವಿನ ವೇಗದಲ್ಲೇ ಓಡುತ್ತದೆ. ಕೊಳ್ಳುವಾಗ ಆ ವೇಗದ ಗಾಳಿ ಎಷ್ಟು, ಸದ್ದು ಎಷ್ಟು ಅಂತ ಕೇಳಿ. ಒಲೆ ಹಚ್ಚುವ ಒಂದೆರಡು ನಿಮಿಷ ಮೊದಲೇ ಚಾಲೂ ಮಾಡಿದರೆ ಇನ್ನೂ ಒಳ್ಳೆಯದು.

ಕಿಟಕಿಯ ವಿಷಯ ಮಾತ್ರ ತಮಾಷೆಯಲ್ಲ. ಹೊರಗೆ ಹೋದಷ್ಟು ಗಾಳಿ ಎಲ್ಲಿಂದಲೋ ಒಳಗೆ ಬರಲೇಬೇಕು. ಎಲ್ಲ ಮುಚ್ಚಿಟ್ಟರೆ ಚಿಮಣಿ ಸುಮ್ನೆ ಗುಂಯ್ ಅನ್ನುತ್ತದೆ. ಮನೆಯೊಳಗೆ ಗ್ಯಾಸ್ ಗೀಸರ್ ಇದ್ದರೆ ಅದರ ಹೊಗೆಯನ್ನೇ ಒಳಕ್ಕೆ ಎಳೆಯಬಹುದು. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇದ್ದರೆ ಪ್ರಾಣಕ್ಕೇ ಅಪಾಯ. ನಮ್ಮಲ್ಲಿ ಚಿಮಣಿ ಓಡುವಾಗ ಎದುರಿನ ಕಿಟಕಿ ನಾಲ್ಕು ಬೆರಳು ತೆರೆದಿರುತ್ತದೆ. ಒಲೆಯ ಪಕ್ಕದ ಕಿಟಕಿ ಬೇಡ, ಅಲ್ಲಿಂದ ಬರುವ ಗಾಳಿ ಹೊಗೆಯನ್ನು ಚದುರಿಸಿಬಿಡುತ್ತದೆ.