ಚಿನ್ನಸ್ವಾಮಿಯ ಸಬ್‌ಏರ್: ನೆಲದಡಿಯ ಕೆಲಸ ಗಟ್ಟಿ, ಗೇಟಿನ ಕೆಲಸ ಬಾಕಿ

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಔಟ್‌ಫೀಲ್ಡ್ ಅಗೆದು 2017ರಲ್ಲಿ ಸಬ್‌ಏರ್ (ಮಳೆನೀರನ್ನು ನೆಲದಡಿಯಿಂದ ಹೀರಿ ತೆಗೆಯುವ ವ್ಯವಸ್ಥೆ) ಅಳವಡಿಸಿದ್ದು ನಿಜಕ್ಕೂ ಮೆಚ್ಚಬೇಕಾದ ಕೆಲಸ. ಜೇಡಿಮಣ್ಣಿನ ಜಾಗಕ್ಕೆ ಮರಳು ಬಂತು, ಅದರಡಿ ತೂತುಗಳಿರುವ ಪೈಪುಗಳ ಜಾಲ. ಯಂತ್ರ ನಿಮಿಷಕ್ಕೆ ಸುಮಾರು 10,000 ಲೀಟರ್ ನೀರನ್ನು ಹೀರಬಲ್ಲದು. ಅದನ್ನೇ ಉಲ್ಟಾ ಓಡಿಸಿದರೆ ಹುಲ್ಲಿನ ಬೇರಿಗೆ ಗಾಳಿ ಸಿಗುತ್ತದೆ. ಬೌಂಡರಿ ಬಳಿ ಡೈವ್ ಹೊಡೆಯುವ ಫೀಲ್ಡರ್‌ಗೆ ಕೆಸರಿಲ್ಲದ ನೆಲವೇ ದೊಡ್ಡ ರಕ್ಷಣೆ.

ಆದರೆ ಇದು ಮಂತ್ರದಂಡವಲ್ಲ. ಪಿಚ್ ಜೇಡಿಮಣ್ಣಿನದೇ, ಅದಕ್ಕೆ ಹೊದಿಕೆ ಬೇಕೇ ಬೇಕು. ಹೊದಿಕೆಯ ಮೇಲಿನ ನೀರನ್ನು ಒಂದೇ ಕಡೆ ಸುರಿದರೆ ಅಲ್ಲಿ ಮಡುಗಟ್ಟುತ್ತದೆ. ಮರಳಿನಲ್ಲಿ ನಯವಾದ ಮಣ್ಣು ಸೇರುತ್ತಾ ಹೋದರೆ ನೀರು ಇಂಗುವುದೂ ನಿಧಾನ. ಮೇಲ್ಪದರಕ್ಕೆ ಆಗಾಗ ತೂತು ಹೊಡೆದು ಮರಳು ತುಂಬುತ್ತಿರಬೇಕು. ಮಳೆ ನಿಂತರೇನೇ ಆಟ: 2025ರ ಮೇ 17ರ ಆರ್‌ಸಿಬಿ–ಕೆಕೆಆರ್ ಪಂದ್ಯ ಒಂದು ಎಸೆತವೂ ಇಲ್ಲದೆ ರದ್ದಾಯಿತು.

ಪ್ರೇಕ್ಷಕರ ಪಾಲಿಗೆ ಮಾತ್ರ ಈ ಮಟ್ಟದ ಕಾಳಜಿ ಕಾಣುವುದಿಲ್ಲ. 2025ರ ಜೂನ್ 4ರಂದು ಗೇಟುಗಳ ಹೊರಗಿನ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಅಗಲವಾದ ಗೇಟು, ಫುಟ್‌ಪಾತಿನಿಂದ ಒಳಕ್ಕೆ ಸರಿದ ಸರತಿ ಜಾಗ, ಬರುವವರಿಗೂ ಹೋಗುವವರಿಗೂ ಬೇರೆ ಬೇರೆ ದಾರಿ: ಮುಂದಿನ ಹಣ ಮೊದಲು ಇಲ್ಲಿಗೇ ಹೋಗಬೇಕು.