ಎಚ್‌ಐವಿ ದೃಢೀಕರಣ ಪರೀಕ್ಷೆ: ಒಂದು ಪ್ರಯೋಗಾಲಯದ ಸೇವೆಯ ವಿಮರ್ಶೆ

ಒಂದಕ್ಕೊಂದು ತಾಳೆಯಾಗದ ಎರಡು ಎಚ್‌ಐವಿ ಫಲಿತಾಂಶಗಳನ್ನು ಹಿಡಿದುಕೊಂಡು ಹೋದ ನನಗೆ ಈ ಪ್ರಯೋಗಾಲಯದಲ್ಲಿ ದೊರೆತ ಸೇವೆಯನ್ನು, ಮುದ್ರಿತ ವರದಿಯ ಬಗ್ಗೆ ಒಂದು ಆಕ್ಷೇಪವಿದ್ದರೂ, ಮನಸಾರೆ ಶಿಫಾರಸು ಮಾಡುತ್ತೇನೆ.

ಮನೆಯಲ್ಲಿ ಬಳಸಿದ ಕಿಟ್‌ನಲ್ಲಿ ಕಿಟ್ ಸರಿಯಾಗಿ ಕೆಲಸ ಮಾಡಿದೆ ಎಂದು ತೋರಿಸುವ ‘ಸಿ’ ಗೆರೆ ದಟ್ಟವಾಗಿ ಮೂಡಿ, ಸೋಂಕಿನ ಸುಳಿವು ಕೊಡುವ ‘ಟಿ’ ಗೆರೆ ಬೆಳಕಿಗೆ ಹಿಡಿದರಷ್ಟೇ ಕಾಣುವಂತಿತ್ತು. ಬೇರೆಡೆ ಮಾಡಿಸಿದ ನಾಲ್ಕನೇ ತಲೆಮಾರಿನ ರಕ್ತಪರೀಕ್ಷೆ ‘ನಾನ್‌ ರಿಯಾಕ್ಟಿವ್’, ಅಂದರೆ ಸೋಂಕಿನ ಸುಳಿವಿಲ್ಲ, ಎಂದಿತ್ತು. ಆಪ್ತಸಮಾಲೋಚಕಿ ಮೊದಲು ವಿಚಾರಿಸಿದ್ದು ಮೂರು ಸಂಗತಿಗಳನ್ನು: ಸೋಂಕು ತಗುಲಿರಬಹುದಾದ ದಿನ ಯಾವುದು, ಗೆರೆಯನ್ನು ನಿಗದಿತ ಸಮಯದೊಳಗೆ ನೋಡಿದ್ದು ಹೌದೇ, ಎಚ್‌ಐವಿ ತಡೆಯುವ ಮಾತ್ರೆಗಳೇನಾದರೂ ನಡೆಯುತ್ತಿವೆಯೇ. ಸಮಯದೊಳಗೆ ಮೂಡಿದ ಗೆರೆ ಎಷ್ಟೇ ತೆಳುವಾಗಿದ್ದರೂ ಅದನ್ನು ರಿಯಾಕ್ಟಿವ್ ಎಂದೇ ಪರಿಗಣಿಸಿ ಮುಂದುವರಿಯಬೇಕು ಎಂದರು.

ಕಿಟ್ ಪ್ರತಿಕಾಯಗಳನ್ನು (ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನುಗಳನ್ನು) ಮಾತ್ರ ಹುಡುಕುತ್ತದೆ, ಅದಕ್ಕೆ ಸೋಂಕು ತಗುಲಿದ ಮೇಲೆ ಸಾಮಾನ್ಯವಾಗಿ 23ರಿಂದ 90 ದಿನ ಬೇಕು. ನಾಲ್ಕನೇ ತಲೆಮಾರಿನ ಪರೀಕ್ಷೆ ವೈರಸ್ಸಿನದೇ ಪ್ರೋಟೀನಾದ ಪಿ24 ಪ್ರತಿಜನಕವನ್ನೂ ಹುಡುಕುವುದರಿಂದ ರಕ್ತನಾಳದಿಂದ ತೆಗೆದ ರಕ್ತದಲ್ಲಿ 18ರಿಂದ 45 ದಿನಗಳಲ್ಲೇ ಸೋಂಕನ್ನು ಗುರುತಿಸುತ್ತದೆ. ಹೊಸ ಸೋಂಕೇ ಆಗಿದ್ದರೆ ಸಾಮಾನ್ಯವಾಗಿ ಮೊದಲು ರಿಯಾಕ್ಟಿವ್ ಆಗಬೇಕಿದ್ದದ್ದು ಪ್ರಯೋಗಾಲಯದ ಪರೀಕ್ಷೆ. ನನ್ನಲ್ಲಿ ಆದದ್ದು ಅದರ ತಿರುಗುಮುರುಗು. ಸೋಂಕು ವಿರಳವಾಗಿರುವ ಕಡೆ ಸುಳ್ಳು ರಿಯಾಕ್ಟಿವ್ ಅಪರೂಪವೇನಲ್ಲ ಎಂಬುದನ್ನು ಅವರು ಕಾಗದದ ಮೇಲೆ ಲೆಕ್ಕ ಹಾಕಿಯೇ ತೋರಿಸಿದರು: 10,000 ಜನರಲ್ಲಿ 10 ಮಂದಿಗೆ ಸೋಂಕಿದ್ದರೆ, ಸೋಂಕಿಲ್ಲದವರನ್ನು ಶೇಕಡಾ 99.5ರಷ್ಟು ಸರಿಯಾಗಿ ಗುರುತಿಸುವ ಪರೀಕ್ಷೆಯೂ ಸುಮಾರು 50 ಮಂದಿಗೆ ತಪ್ಪಾಗಿ ರಿಯಾಕ್ಟಿವ್ ಎನ್ನುತ್ತದೆ. ಅಷ್ಟು ಹೊತ್ತಿನ ಆತಂಕದಲ್ಲಿ ಈ ಲೆಕ್ಕ ನನಗೆ ಕೊಟ್ಟ ಸಮಾಧಾನವನ್ನು ಯಾವ ಸಾಂತ್ವನದ ಮಾತೂ ಕೊಟ್ಟಿರಲಿಲ್ಲ.

ಆದರೆ ಊಹೆಯ ಮೇಲೆ ಅವರು ತೀರ್ಪು ಕೊಡಲಿಲ್ಲ. ಹೊಸದಾಗಿ ರಕ್ತ ತೆಗೆದು ನಾಲ್ಕನೇ ತಲೆಮಾರಿನ ಪರೀಕ್ಷೆಯನ್ನು ಮತ್ತೆ ಮಾಡಿದರು, ಜೊತೆಗೆ ವೈರಸ್ಸಿನ ಆನುವಂಶಿಕ ವಸ್ತುವಾದ ಆರ್‌ಎನ್‌ಎ ಹುಡುಕುವ ಪರೀಕ್ಷೆಯನ್ನೂ ನಡೆಸಿದರು. ಮೊದಲು ರಕ್ತಪರೀಕ್ಷೆ ಮಾಡಿಸಿದ್ದ ಕಡೆ, ಪ್ರತಿಕಾಯಗಳನ್ನು ಹುಡುಕುವ ಹಳೆಯ ದೃಢೀಕರಣ ವಿಧಾನವಾದ ವೆಸ್ಟರ್ನ್ ಬ್ಲಾಟ್ ಮಾಡಿಸಿಕೊಳ್ಳಿ ಎಂದಿದ್ದರು. ಆ ವಿಧಾನವನ್ನು ಕೈಬಿಡುವಂತೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಸಲಹೆ ನೀಡಿರುವುದರಿಂದ ಇಲ್ಲಿ ಅದನ್ನು ಸೂಚಿಸಲಿಲ್ಲ. ಮತ್ತೆ ಮಾಡಿದ ನಾಲ್ಕನೇ ತಲೆಮಾರಿನ ಪರೀಕ್ಷೆ ನಾನ್‌ ರಿಯಾಕ್ಟಿವ್ ಬಂತು, ಆರ್‌ಎನ್‌ಎ ಪರೀಕ್ಷೆಯಲ್ಲಿ ವೈರಸ್ ಪತ್ತೆಯಾಗಲಿಲ್ಲ. ಸೋಂಕು ತಗುಲಿರಬಹುದಾದ ದಿನದಿಂದ 45 ದಿನಗಳು ಇನ್ನೂ ತುಂಬಿರಲಿಲ್ಲವಾದ್ದರಿಂದ, ಅವು ತುಂಬಿದ ಮೇಲೆ ಕೊನೆಯದಾಗಿ ಒಮ್ಮೆ ಬರಲು ಹೇಳಿದರು. ಫಲಿತಾಂಶವನ್ನು ಮೊಬೈಲ್ ಸಂದೇಶದಲ್ಲಿ ಕಳುಹಿಸದೆ ಪ್ರತ್ಯೇಕ ಕೊಠಡಿಯಲ್ಲಿ ಕೂರಿಸಿ ತಿಳಿಸಿದ್ದು ಮೆಚ್ಚಬೇಕಾದ ಸಂಗತಿ.

ಆಕ್ಷೇಪವಿರುವುದು ವರದಿಯ ಹಾಳೆಯ ಬಗ್ಗೆ. ಪರೀಕ್ಷೆ ಯಾವ ತಲೆಮಾರಿನದು, ಏನನ್ನು ಹುಡುಕಿತು, ಯಾವ ದಿನಾಂಕದ ನಂತರ ಮರುಪರೀಕ್ಷೆ ಬೇಕು ಎಂಬುದೊಂದೂ ಅದರಲ್ಲಿ ಅಚ್ಚಾಗಿರಲಿಲ್ಲ. ಕೇಳಿದಾಗ ಸಮಾಲೋಚಕಿ ಅದನ್ನೆಲ್ಲ ಪೆನ್ನಿನಲ್ಲಿ ಬರೆದುಕೊಟ್ಟರು. ಕೇಳಲು ತೋಚದವರ ಕೈಗೂ ಆ ವಿವರ ಅಚ್ಚಾಗಿಯೇ ಸಿಗಬೇಕು.