ಅರ್ಧ ಮಿಲಿಮೀಟರ್ ಕ್ರೋಮ್: ಮಸಲ್ ಕಾರ್ ಮಾಡೆಲ್‌ಗೆ ಬೇರ್-ಮೆಟಲ್ ಫಾಯಿಲೋ, ಮೊಲೊಟೊವ್ ಪೆನ್ನೋ?

1/25 ಅಳತೆಯ ಪ್ಲಾಸ್ಟಿಕ್ ಮಸಲ್ ಕಾರಿಗೆ (1960-70ರ ದಶಕದ, ದೊಡ್ಡ ಎಂಜಿನ್‌ನ ಅಮೆರಿಕನ್ ಕಾರಿನ ಮಾಡೆಲ್‌ಗೆ) ಬಣ್ಣ ಎಷ್ಟೇ ಚೆನ್ನಾಗಿ ಕೂತಿರಲಿ, ಗಾಜಿನ ಸುತ್ತಲಿನ ಪಟ್ಟಿಗೆ ಬೆಳ್ಳಿ ಪೇಂಟ್ ಬಳಿದಿದ್ದರೆ ಮಾಡೆಲ್ ಆಟಿಕೆಯಾಗಿಬಿಡುತ್ತದೆ. ಬೆಳ್ಳಿ ಪೇಂಟಿನಲ್ಲಿರುವುದು ಲೋಹದ ಪುಡಿ. ಒಂದೊಂದು ಕಣವೂ ಒಂದೊಂದು ದಿಕ್ಕಿಗೆ ಬೆಳಕು ಚೆಲ್ಲುವುದರಿಂದ ಅದು ಬೂದಾಗಿ ಕಾಣುತ್ತದೆಯೇ ಹೊರತು ಕನ್ನಡಿಯಾಗುವುದಿಲ್ಲ. ಈ ತೊಂದರೆಗೆ ಹವ್ಯಾಸಿಗಳು ಹೆಚ್ಚಾಗಿ ಮೊರೆಹೋಗುವುದು ಎರಡಕ್ಕೆ: ಅಮೆರಿಕದ ಮಿಶಿಗನ್‌ನ ಬೇರ್-ಮೆಟಲ್ ಫಾಯಿಲ್ ಮತ್ತು ಜರ್ಮನಿಯ ಮೊಲೊಟೊವ್ ಲಿಕ್ವಿಡ್ ಕ್ರೋಮ್ ಪೆನ್. ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಾಡಿಯ ಮೇಲಿನ ಪಟ್ಟಿಗಳಿಗೆ ಫಾಯಿಲೇ ಸರಿ, ಬಿಡಿ ಭಾಗಗಳಿಗೆ ಪೆನ್ ಸರಿ. ಒಂದರ ಕೆಲಸವನ್ನು ಇನ್ನೊಂದಕ್ಕೆ ಒಪ್ಪಿಸಿದರೆ ಎರಡೂ ಕೆಟ್ಟವೆನಿಸುತ್ತವೆ.

ಫಾಯಿಲ್ ಬರುವುದು ಸುಮಾರು 6 ಇಂಚು ಅಗಲ, 12 ಇಂಚು ಉದ್ದದ ಒಂದೇ ಹಾಳೆಯಾಗಿ. ಹಿಂಬದಿಯಲ್ಲಿ ಅಂಟು, ಅದರ ಕೆಳಗೆ ಮೇಣದಂಥ ಕಾಗದ. ಲೋಹ ಅಡುಗೆಮನೆಯ ಫಾಯಿಲ್‌ಗಿಂತ ತೆಳು, ಅದಕ್ಕಿಂತ ಮೆದು. ಸಾಮಾನ್ಯ ಕ್ರೋಮ್, ಅಲ್ಟ್ರಾ ಬ್ರೈಟ್ ಕ್ರೋಮ್, ಮ್ಯಾಟ್ ಅಲ್ಯೂಮಿನಿಯಂ, ಚಿನ್ನ, ತಾಮ್ರ, ಬ್ಲ್ಯಾಕ್ ಕ್ರೋಮ್ ಎಂಬ ಬಗೆಗಳಿವೆ. ಮಸಲ್ ಕಾರಿಗೆ ಬೇಕಾದವು ಮೊದಲ ಮೂರು. ಹೆಸರು ನೋಡಿ ಎಲ್ಲಕ್ಕೂ ಅಲ್ಟ್ರಾ ಬ್ರೈಟ್ ಕೊಳ್ಳುವವರು ಬಹಳ. ಅದು ಹೊಳಪಿನಲ್ಲಿ ಮುಂದು, ಬಗ್ಗುವುದರಲ್ಲಿ ಹಿಂದು. ಸ್ವಲ್ಪ ಬಿರುಸಾಗಿರುವುದರಿಂದ ಚಕ್ರದ ಕಮಾನಿನಂಥ ಕಡೆ ಬೇಗ ಸುಕ್ಕುಬೀಳುತ್ತದೆ, ಹರಿಯುತ್ತದೆ. ಮೊದಲ ಹಾಳೆ ಕೊಳ್ಳುವವರಿಗೆ ಸಾಮಾನ್ಯ ಕ್ರೋಮ್ ಸಾಕು.

ನಿಜವಾದ ಕಾರಿನಲ್ಲೂ ಹೊಳೆಯುವುದೆಲ್ಲ ಕ್ರೋಮ್ ಅಲ್ಲ. ಬಂಪರ್‌ಗಳು ಕ್ರೋಮ್ ಲೇಪಿಸಿದ ಉಕ್ಕು. ಗಾಜಿನ ಸುತ್ತಲಿನ ಪಟ್ಟಿಗಳು ಸಾಮಾನ್ಯವಾಗಿ ಪಾಲಿಶ್ ಮಾಡಿದ ಸ್ಟೇನ್‌ಲೆಸ್ ಸ್ಟೀಲ್. ಗ್ರಿಲ್‌ನ ಅಂಚು, ಬಾಗಿಲಡಿಯ ಪಟ್ಟಿ ಅನೇಕ ಕಾರುಗಳಲ್ಲಿ ಆನೊಡೈಸ್ ಮಾಡಿದ ಅಲ್ಯೂಮಿನಿಯಂ, ಅದರ ಹೊಳಪು ಮಂದ. ಹಾಗಾಗಿ ಕಿಟ್‌ನ ಕನ್ನಡಿಯಂಥ ಬಂಪರ್‌ಗಿಂತ ಫಾಯಿಲ್ ಪಟ್ಟಿ ಒಂದು ಎಳೆ ಮಂಕಾಗಿ ಕಂಡರೆ ಅದು ಕೊರತೆಯಲ್ಲ, ವಾಸ್ತವವೇ ಹಾಗೆ. ಬಾಗಿಲಡಿಗೆ ಮ್ಯಾಟ್ ಅಲ್ಯೂಮಿನಿಯಂ, ಗಾಜಿನ ಸುತ್ತ ಸಾಮಾನ್ಯ ಕ್ರೋಮ್ ಎಂದು ಬೇರೆಬೇರೆ ಬಳಸಿದ ಮಾಡೆಲ್ ಪಕ್ಕದಲ್ಲಿ ಒಂದೇ ಹೊಳಪಿನ ಮಾಡೆಲ್ ಇಟ್ಟರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಯಾವ ಕಾರಿಗೆ ಯಾವ ಪಟ್ಟಿ ಇತ್ತು ಎಂಬುದನ್ನೂ ನೋಡಬೇಕು. 1969ರ ಕ್ಯಾಮರೊದಲ್ಲಿ ಚಕ್ರದ ಕಮಾನಿನ ಹೊಳೆವ ಅಂಚು ಆರ್‌ಎಸ್ ಎಂಬ ಅಲಂಕಾರದ ಪ್ಯಾಕೇಜ್‌ನೊಂದಿಗೆ ಬರುತ್ತಿತ್ತು. ಅದೇ ಕಾರಿನ ವೇಗದ ಆವೃತ್ತಿಯಾದ ಝಡ್/28 ಮಾತ್ರ ಮಾಡುತ್ತಿದ್ದರೆ ಅಲ್ಲಿ ಫಾಯಿಲ್ ಹಚ್ಚುವ ಮೊದಲು ಯೋಚಿಸಿ. 1968ರ ರೋಡ್ ರನ್ನರ್ ಅಗ್ಗಕ್ಕೆ ವೇಗ ಕೊಡಲೆಂದೇ ಹುಟ್ಟಿದ ಕಾರು, ಅಲಂಕಾರ ಕಡಿಮೆ. ಫಾಯಿಲ್ ಕಲಿಯಲು ಅಂಥ ಕಾರೇ ವಾಸಿ.

ಮಾಡೆಲ್‌ನ ಮಳೆನೀರಿನ ಗಟರ್ ಪಟ್ಟಿ, ಅಂದರೆ ಬಾಗಿಲ ಕಿಟಕಿಯ ಮೇಲೆ ಚಾವಣಿಯಂಚಿನಲ್ಲಿ ಓಡುವ ಗೆರೆ, ನಿಜದಲ್ಲಿ ಅರ್ಧ ಇಂಚು ಇದ್ದರೆ 1/25ರಲ್ಲಿ ಅರ್ಧ ಮಿಲಿಮೀಟರ್. ಫಾಯಿಲ್ ಸೋಲುವುದು ಹೆಚ್ಚಾಗಿ ಈ ಗೆರೆಯ ಮೇಲೆ, ಅದರ ಕಾರಣ ಮಾತ್ರ ಫಾಯಿಲ್ ಅಲ್ಲ. ಕಿಟ್‌ನ ಅಚ್ಚಿನಲ್ಲೇ ಪಟ್ಟಿಯ ಅಂಚು ಮೊಂಡಾಗಿರುತ್ತದೆ. ಅದರ ಮೇಲೆ ಪ್ರೈಮರ್, ಬಣ್ಣ, ಕ್ಲಿಯರ್ (ಬಣ್ಣದ ಮೇಲಿನ ಪಾರದರ್ಶಕ ಲೇಪ) ಸೇರಿದರೆ ಬ್ಲೇಡ್ ಹಿಡಿದು ಓಡಲು ತೋಡೇ ಉಳಿದಿರುವುದಿಲ್ಲ. ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ಪ್ರೈಮರ್‌ಗೂ ಮುಂಚೆ. ಪಟ್ಟಿ ಮತ್ತು ಬಾಡಿ ಸೇರುವ ಗೆರೆಯನ್ನು ಸ್ಕ್ರೈಬರ್ ಎಂಬ ಗೆರೆ ಕೊರೆಯುವ ಉಪಕರಣದಿಂದ, ಅದಿಲ್ಲದಿದ್ದರೆ ಬ್ಲೇಡಿನ ಬೆನ್ನಿನಿಂದ, ಮೂರ್ನಾಲ್ಕು ಸಲ ಹಗುರವಾಗಿ ಎಳೆದು ಆಳ ಮಾಡಿಕೊಳ್ಳಿ. ಅಚ್ಚಿನ ಭಾಗಗಳು ಸೇರಿದ ಕಡೆ ಮೂಡುವ ಕೂಡುಗೆರೆ ಹಲವು ಕಿಟ್‌ಗಳಲ್ಲಿ ಫೆಂಡರ್‌ನ ಮೇಲಿನಿಂದ ಹೋಗಿ ಹಿಂಬದಿಯ ಕಂಬವನ್ನು ಹತ್ತುತ್ತದೆ. ಅದನ್ನು 400, ಆಮೇಲೆ 600 ನಂಬರಿನ ವಾಟರ್ ಪೇಪರ್‌ನಿಂದ (ನೀರು ಹಚ್ಚಿ ಉಜ್ಜುವ ಮರಳು ಕಾಗದ) ತೆಗೆಯಿರಿ. ಪಟ್ಟಿಯ ಮೇಲ್ಮೈಯನ್ನಂತೂ 1000ಕ್ಕಿಂತ ನಯವಾದ ಕಾಗದದಲ್ಲಿ ಮುಗಿಸಬೇಕು, ಏಕೆಂದರೆ ಫಾಯಿಲ್ ಏನನ್ನೂ ಮುಚ್ಚುವುದಿಲ್ಲ. ಕೆಳಗಿನ ಒಂದು ಗೀರು, ಒಂದು ಧೂಳಿನ ಕಣ ಮೇಲೆ ಎದ್ದು ಕಾಣುತ್ತದೆ.

ಬಣ್ಣ, ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರ), ಕ್ಲಿಯರ್, ಪಾಲಿಶ್ ಎಲ್ಲ ಮುಗಿದ ಮೇಲೆ ಫಾಯಿಲ್. ಬೇಗ ಒಣಗುವ ಲ್ಯಾಕರ್ ಬಣ್ಣವಾದರೆ ಕೆಲವು ದಿನ, ನಿಧಾನವಾಗಿ ಒಣಗುವ ಎನಾಮಲ್ ಆದರೆ ಮೂಗಿಗೆ ವಾಸನೆ ಬರದಷ್ಟು ಒಣಗುವವರೆಗೆ ಕಾಯಬೇಕು. ಹಸಿ ಎನಾಮಲ್ ಮೇಲೆ ಅಂಟು ಗುರುತು ಬಿಡುತ್ತದೆ, ಬ್ಲೇಡ್ ಬಣ್ಣದೊಳಕ್ಕೆ ಇಳಿಯುತ್ತದೆ. ಪಾಲಿಶ್‌ನ ಎಣ್ಣೆಯಂಶವನ್ನು ಸೋಪು ನೀರಿನಿಂದ ತೊಳೆದು ಒರೆಸಿ. ಅಂಟು ಹಿಡಿಯಲಿಲ್ಲ ಎಂಬ ಬಹಳಷ್ಟು ದೂರುಗಳ ಮೂಲ ಇದೇ ಎಣ್ಣೆ.

ಈಗ ಬ್ಲೇಡ್. ಮೊಂಡ ಬ್ಲೇಡ್ ಫಾಯಿಲನ್ನು ಕತ್ತರಿಸುವುದಿಲ್ಲ, ಎಳೆದು ಹರಿಯುತ್ತದೆ. 11ನೇ ನಂಬರಿನ ಹಾಬಿ ಬ್ಲೇಡ್ ಹೊಸದು ಬೇಕು, ಒಂದು ಕಾರಿಗೆ ಎರಡು ಮೂರು ಹಿಡಿಯುತ್ತವೆ. ನಮ್ಮ ಊರುಗಳಲ್ಲಿ ಇದಕ್ಕೆ ಸುಲಭದ ಬದಲಿಯಿದೆ. ಮೆಡಿಕಲ್ ಸ್ಟೋರ್‌ನ 11ನೇ ನಂಬರಿನ ಸರ್ಜಿಕಲ್ ಬ್ಲೇಡ್, 3ನೇ ನಂಬರಿನ ಹಿಡಿಗೆ ಕೂರುತ್ತದೆ. ಹಾಬಿ ಬ್ಲೇಡ್‌ಗಿಂತ ತೆಳು, ಹರಿತ. ಬಾಗಿ ಮುರಿಯುವ ಸ್ವಭಾವವಿದೆ, ಹಾಗಾಗಿ ಕಣ್ಣಿಗೆ ಕನ್ನಡಕವಿರಲಿ.

ಬೇಕಾದ ಪಟ್ಟಿಗಿಂತ ಎರಡೂ ಬದಿ 3 ಮಿಲಿಮೀಟರ್ ಹೆಚ್ಚಿರುವಂತೆ, ಕಾಗದ ಕತ್ತರಿಸದೆ ಫಾಯಿಲ್ ಮಾತ್ರ ಕತ್ತರಿಸಿ, ಚಿಮುಟದಿಂದ ಮೂಲೆ ಹಿಡಿದು ಎತ್ತಿ. ಎಳೆದು ಅಂಟಿಸಬೇಡಿ, ಮೇಲೆ ಮಲಗಿಸಿ. ಎಳೆದು ಕೂರಿಸಿದ ಫಾಯಿಲ್ ಮೂಲೆಗಳಲ್ಲಿ ಸೇತುವೆ ಕಟ್ಟುತ್ತದೆ, ಆಮೇಲೆ ಒತ್ತಿದಾಗ ಅಲ್ಲೇ ಹರಿಯುತ್ತದೆ. ಮೊದಲು ಬೆರಳಿನಿಂದ, ನಂತರ ಇಯರ್ ಬಡ್‌ನಿಂದ ಪಟ್ಟಿಯ ಬೆನ್ನಿನಿಂದ ಶುರುಮಾಡಿ ಎರಡೂ ಬದಿಗೆ ಉಜ್ಜಿ. ಕೊನೆಗೆ ಉಳಿಯಂತೆ ಚಪ್ಪಟೆ ಕೆತ್ತಿದ ಟೂತ್‌ಪಿಕ್‌ನಿಂದ ಅಂಚಿನ ತೋಡಿನೊಳಗೆ ಒತ್ತಿ. ತೋಡು ಫಾಯಿಲ್ ಮೇಲೆ ಸ್ಪಷ್ಟ ಗೆರೆಯಾಗಿ ಮೂಡಿದಾಗಲೇ ಬ್ಲೇಡ್ ಹಿಡಿಯಬೇಕು. ಬ್ಲೇಡನ್ನು ಮಲಗಿಸಿ ಹಿಡಿದು, ಅದರ ಭಾರವಷ್ಟೇ ಬೀಳುವಂತೆ, ತೋಡಿನಲ್ಲೇ ಎಳೆಯಿರಿ. ಒಂದೇ ಏಟಿಗೆ ತುಂಡಾಗಬೇಕೆಂಬ ಹಟ ಬೇಡ. ಒತ್ತಿದರೆ ಬಣ್ಣ ಸೀಳಿ ಪ್ರೈಮರ್ ಇಣುಕುತ್ತದೆ. ಹೆಚ್ಚುವರಿ ಫಾಯಿಲನ್ನು ಪಟ್ಟಿಯ ದಿಕ್ಕಿಗೇ, ಕೆಳಮಟ್ಟದಲ್ಲಿ, ನಿಧಾನವಾಗಿ ಸುಲಿಯಿರಿ. ಎಲ್ಲಾದರೂ ತುಂಡಾಗಿಲ್ಲದಿದ್ದರೆ ನಿಲ್ಲಿಸಿ, ಅಲ್ಲಿ ಮತ್ತೊಮ್ಮೆ ಬ್ಲೇಡ್ ಆಡಿಸಿ ಮುಂದುವರಿಯಿರಿ. ಸುಲಿದಾದ ಮೇಲೆ ಅಂಚನ್ನು ಇನ್ನೊಮ್ಮೆ ಉಜ್ಜಬೇಕು. ಈ ಕೊನೆಯ ಉಜ್ಜು ಬಿಟ್ಟವರ ಮಾಡೆಲ್‌ನಲ್ಲೇ ಆಮೇಲೆ ಅಂಚು ಏಳುವುದು.

ಮುಂಗಾಜಿನ ಚೌಕಟ್ಟನ್ನು ಒಂದೇ ತುಂಡಿನಲ್ಲಿ ಸುತ್ತಲು ಹೋಗಬೇಡಿ. ಮೇಲೆ, ಕೆಳಗೆ, ಎಡ, ಬಲ ಎಂದು ನಾಲ್ಕು ತುಂಡು, ಮೂಲೆಯಲ್ಲಿ 1 ಮಿಲಿಮೀಟರ್ ಒಂದರ ಮೇಲೊಂದು. ಚೆನ್ನಾಗಿ ಉಜ್ಜಿದರೆ ಕೂಡು ಕಾಣುವುದಿಲ್ಲ, ಅಷ್ಟು ತೆಳು ಇದು. ಚಕ್ರದ ಕಮಾನು ಎಲ್ಲಕ್ಕಿಂತ ಕಷ್ಟ. 1970ರ ಶೆವೆಲ್ ಎಸ್‌ಎಸ್‌ನಲ್ಲಿ ನಾಲ್ಕೂ ಚಕ್ರಕ್ಕೆ ಈ ಅಂಚಿದೆ. ಒಂದು ಕಮಾನಿಗೆ ಮೂರು ತುಂಡು ಮಾಡಿಕೊಳ್ಳಿ. ಒಳಬದಿಗೆ ಮಡಚುವ ಭಾಗದಲ್ಲಿ 2 ಮಿಲಿಮೀಟರ್‌ಗೊಂದರಂತೆ ಸಣ್ಣ ಸೀಳು ಹಾಕಿದರೆ ಸುಕ್ಕೆಲ್ಲ ಚಕ್ರದ ಗೂಡಿನೊಳಗೆ ಹೋಗಿ ಮರೆಯಾಗುತ್ತದೆ. 1968ರ ಚಾರ್ಜರ್‌ನಲ್ಲಿ ತೊಂದರೆ ಬೇರೆ: ಹಿಂಗಾಜು ಎರಡು ಕಂಬಗಳ ನಡುವೆ ಒಳಸರಿದಿದೆ, ಬ್ಲೇಡ್ ತಿರುಗಿಸಲು ಜಾಗವಿಲ್ಲ. ಅಲ್ಲಿ ಹಿಡಿಯಿಲ್ಲದೆ ಬರೀ ಬ್ಲೇಡನ್ನು ಟೇಪ್ ಸುತ್ತಿ ಬೆರಳಲ್ಲಿ ಹಿಡಿಯುವುದೇ ದಾರಿ.

ಫಾಯಿಲ್ ತನ್ನ ಬೆಲೆಯನ್ನು ನಿಜಕ್ಕೂ ತೀರಿಸುವುದು ಅಕ್ಷರ ಮತ್ತು ಲಾಂಛನಗಳಲ್ಲಿ. ಫೆಂಡರ್ ಮೇಲಿನ ಉಬ್ಬಕ್ಷರಗಳಿಗೆ ಕುಂಚದಿಂದ ಬೆಳ್ಳಿ ಮುಟ್ಟಿಸುವ ಬದಲು ಕ್ರಮವನ್ನೇ ತಿರುಗಿಸಿ. ಪ್ರೈಮರ್ ಆದ ಮೇಲೆ, ಬಣ್ಣಕ್ಕೂ ಮೊದಲು, ಅಕ್ಷರಗಳ ಮೇಲೆ ಒಂದು ಚೂರು ಫಾಯಿಲ್ ಒತ್ತಿ, ಅಕ್ಷರ ಮೂಡುವಂತೆ ಉಜ್ಜಿ, ಸುತ್ತಲಿನದ್ದನ್ನು ಹತ್ತಿರಕ್ಕೆ ಕತ್ತರಿಸಿ ತೆಗೆಯಿರಿ. ಆಮೇಲೆ ಬಣ್ಣವನ್ನು ತೆಳ್ಳಗೆ ಹೊಡೆಯಿರಿ. ಒಣಗಿದ ಮೇಲೆ ಥಿನ್ನರ್‌ನಲ್ಲಿ ಅದ್ದಿ, ಕಾಗದದ ಮೇಲೆ ಒತ್ತಿ ಬಹುಪಾಲು ಒಣಗಿಸಿದ ಇಯರ್ ಬಡ್‌ನಿಂದ ಅಕ್ಷರಗಳ ತಲೆಯನ್ನಷ್ಟೇ ಸವರಿದರೆ ಮೇಲಿನ ಬಣ್ಣ ಹೋಗಿ ಲೋಹ ಹೊಳೆಯುತ್ತದೆ, ನಡುವಿನ ತಗ್ಗಿನಲ್ಲಿ ಬಣ್ಣ ಉಳಿಯುತ್ತದೆ. ಥಿನ್ನರ್ ಭಯವಿದ್ದರೆ ತೀರ ನಯವಾದ ಪಾಲಿಶ್ ಬಟ್ಟೆಯನ್ನು ಕಡ್ಡಿಗೆ ಸುತ್ತಿ ಉಜ್ಜಿ. ನಂತರ ಕ್ಲಿಯರ್. ಆದರೆ ಪಾಂಟಿಯಾಕ್ ಜಿಟಿಒ ಫೆಂಡರ್‌ನ ಪುಟ್ಟ ಲಾಂಛನಕ್ಕೆ ಇದೂ ಸಾಲದು, ಅಲ್ಲಿರುವ 6.5 ಲೀಟರ್ ಎಂಬ ಬರಹ 1/25ರಲ್ಲಿ ಅಚ್ಚಿಗೇ ಬರುವುದಿಲ್ಲ. (389 ಘನ ಇಂಚಿನ ಆ ಎಂಜಿನ್ ಲೆಕ್ಕ ಹಾಕಿದರೆ 6.4 ಲೀಟರ್ ಕೂಡ ಪೂರ್ತಿ ಇಲ್ಲ, ಆ ಮಾತು ಬೇರೆ.) ಅಂಥದಕ್ಕೆ ಫೋಟೊ-ಎಚ್ (ತೆಳು ಹಾಳೆಯನ್ನು ರಾಸಾಯನಿಕದಿಂದ ಕೊರೆದು ಮಾಡಿದ) ಲೋಹದ ಲಾಂಛನ ಕೊಂಡು, ಒಂದು ಹನಿ ಹೊಳಪಿನ ಕ್ಲಿಯರ್‌ನಿಂದ ಅಂಟಿಸಿ. ಸೂಪರ್ ಗ್ಲೂ ಬಳಸಿದರೆ ಸುತ್ತಲಿನ ಬಣ್ಣ ಬಿಳಿಚಿಕೊಳ್ಳುವ ಅಪಾಯವಿದೆ.

ಫಾಯಿಲ್ ಮೇಲೆ ಕ್ಲಿಯರ್ ಬೇಕೆ? ಹೊಡೆದರೆ ಅಂಚು ಭದ್ರವಾಗುತ್ತದೆ, ಹೊಳಪು ತುಸು ತಗ್ಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಇಡುವ ಮಾಡೆಲ್‌ಗೆ ಬೇಡ, ಪ್ರದರ್ಶನಕ್ಕೆ ಹೊತ್ತೊಯ್ದು ಕೈಯಾಡುವ ಮಾಡೆಲ್‌ಗೆ ಇರಲಿ. ಸುಲಿದ ಜಾಗದಲ್ಲಿ ಉಳಿಯುವ ಅಂಟನ್ನು ಲೈಟರ್‌ಗೆ ಹಾಕುವ ನಾಫ್ತಾ ತೆಗೆಯುತ್ತದೆ. ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ.

ಮೊಲೊಟೊವ್ ಪೆನ್ 1, 2, 4 ಮಿಲಿಮೀಟರ್ ತುದಿಗಳಲ್ಲಿ ಸಿಗುತ್ತದೆ, 30 ಮಿಲಿಲೀಟರ್ ಮರುಪೂರಣದ ಬಾಟಲಿಯೂ ಇದೆ. ಬಾಟಲಿಯ ದ್ರವವನ್ನು ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಶ್‌ಗೆ ನೇರ ಹಾಕಬಹುದು. ನಯವಾದ, ಹೊಳೆಯುವ ಮೇಲ್ಮೈ ಸಿಕ್ಕರೆ ಇದರ ಕನ್ನಡಿಗುಣ ಫಾಯಿಲ್‌ಗಿಂತ ಮೇಲು. ತೊಂದರೆಯಿರುವುದು ಬಾಳಿಕೆಯಲ್ಲಿ. ಮುಟ್ಟಿದರೆ ಒಣಗಿದಂತೆ ತೋರಿದರೂ ಪೂರ್ತಿ ಗಟ್ಟಿಯಾಗಲು ದಿನಗಳು ಬೇಕು, ಅಷ್ಟರೊಳಗೆ ಬೆರಳು ತಾಗಿದರೆ ಕನ್ನಡಿ ಹೋಗಿ ಅಲ್ಯೂಮಿನಿಯಂ ಬಣ್ಣ ಉಳಿಯುತ್ತದೆ. ಮೇಲೆ ಸಾಮಾನ್ಯ ಲ್ಯಾಕರ್ ಕ್ಲಿಯರ್ ಹೊಡೆದರೂ ಅದೇ ಗತಿ. ಅರ್ಧ ಒಣಗಿದ ಗೆರೆಯ ಮೇಲೆ ಎರಡನೇ ಸಲ ತುದಿ ಆಡಿಸಿದರೆ ಕೆಳಗಿನದ್ದು ಕಿತ್ತುಬರುತ್ತದೆ. ಒಂದೇ ಬಾರಿ, ತುಂಬಿದ ಹನಿ ಹರಿಯುವಂತೆ ಬಿಡಬೇಕು. ಅರ್ಧ ಮಿಲಿಮೀಟರ್ ಗಟರ್ ಪಟ್ಟಿಯ ಮೇಲೆ ಹೀಗೆ ತುಂಬಿದ ಹನಿ ಬಿಟ್ಟರೆ ಅದು ಚಾವಣಿಗೆ ಇಳಿಯುತ್ತದೆ. ಬಾಡಿಗೆ ಪೆನ್ ಬೇಡ ಎನ್ನುವುದು ಇದಕ್ಕೇ. ತಪ್ಪಿದ್ದನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಬಹುದು, ಕೆಳಗಿನ ಬಣ್ಣ ಲ್ಯಾಕರ್ ಆಗಿದ್ದರೆ ಮಾತ್ರ ನೆಮ್ಮದಿಯಿಂದ. ಟಮಿಯಾ ಕಂಪನಿಯ ಅಕ್ರಿಲಿಕ್ ಬಣ್ಣವಾಗಿದ್ದರೆ ಅದೂ ಜೊತೆಗೆ ಕರಗಿ ಬಂದೀತು.

ಪೆನ್ನಿನ ಜಾಗ ಕಿಟ್‌ನ ಕ್ರೋಮ್ ಮರದಲ್ಲಿದೆ, ಅಂದರೆ ಕ್ರೋಮ್ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ. ಬಂಪರನ್ನು ಮರದಿಂದ ಕತ್ತರಿಸಿದ ಕಡೆ ಉಳಿಯುವ ಬಿಳಿ ಗಾಯಕ್ಕೆ 1 ಮಿಲಿಮೀಟರ್ ತುದಿಯ ಒಂದು ಹನಿ ಸಾಕು. ಹೊರಗನ್ನಡಿ, ವೈಪರ್ ತೋಳು, ಸ್ಟಿಯರಿಂಗ್‌ನ ಕಡ್ಡಿಗಳು, ಗೇರ್ ಕಡ್ಡಿ, ಗೇಜ್‌ಗಳ ಉಂಗುರಕ್ಕೂ ಇದೇ. ಬಂಪರ್‌ನ ಮೇಲೇ ಅಚ್ಚಿನ ಕೂಡುಗೆರೆ ಇದ್ದರೆ ಮಾತ್ರ ಪೂರ್ತಿ ಕ್ರೋಮ್ ಕಳಚಿ ಮತ್ತೆ ಮಾಡಬೇಕು. ಆ ಲೇಪ ನಿರ್ವಾತದಲ್ಲಿ ಕೂರಿಸಿದ ತೆಳು ಅಲ್ಯೂಮಿನಿಯಂ. ದ್ರವ ಬ್ಲೀಚ್‌ನಲ್ಲಿ ಮುಳುಗಿಸಿದರೆ ಬಿಟ್ಟುಬಿಡುತ್ತದೆ. ಕೆಳಗಿನ ಹಳದಿ ಛಾಯೆಯ ಲ್ಯಾಕರ್ ಪದರ ಬ್ಲೀಚ್‌ಗೆ ಬಗ್ಗುವುದಿಲ್ಲ, ಅದನ್ನು ವಾಟರ್ ಪೇಪರ್‌ನಿಂದ ನಯಗೊಳಿಸಿಕೊಳ್ಳಿ. ಬ್ಲೀಚ್ ಇರುವ ಪಾತ್ರೆಗೆ ಟಾಯ್ಲೆಟ್ ಕ್ಲೀನರ್‌ನಂಥ ಆಮ್ಲ ಸೋಕಬಾರದು, ಕ್ಲೋರಿನ್ ಅನಿಲ ಏಳುತ್ತದೆ. ನಂತರ ಹೊಳೆವ ಕಪ್ಪು ಬಣ್ಣ, ಅದು ಗಟ್ಟಿಯಾದ ಮೇಲೆ ಮೊಲೊಟೊವ್ ದ್ರವವನ್ನು ಏರ್‌ಬ್ರಶ್‌ನಲ್ಲಿ ಹೊಡೆಯಿರಿ. ಕ್ರೋಮ್ ಭಾಗಗಳನ್ನು ಅಂಟಿಸುವ ಜಾಗದಲ್ಲಿ ಲೇಪ ಕೆರೆದು ತೆಗೆಯಬೇಕು. ಪ್ಲಾಸ್ಟಿಕ್ ಸಿಮೆಂಟ್ ಪ್ಲಾಸ್ಟಿಕ್ಕನ್ನು ಕರಗಿಸಿ ಹಿಡಿಯುತ್ತದೆ, ಲೋಹವನ್ನಲ್ಲ.

ಕೊಳ್ಳುವಾಗ ಒಂದು ಮಾತು. ಹಾಳೆಯ ಅಂಟಿಗೆ ವಯಸ್ಸಾಗುತ್ತದೆ. ಹಳೆಯ ದಾಸ್ತಾನಿನ ಫಾಯಿಲ್ ಕಾಗದದಿಂದ ಬಿಡಿಸುವಾಗಲೇ ಬಿರುಕು ಬಿಡುತ್ತದೆ, ಇಲ್ಲವೇ ಅಂಟು ಕಾಗದದಲ್ಲೇ ಉಳಿಯುತ್ತದೆ. ಭಾರತಕ್ಕೆ ಆಮದಾಗಿ ಬರುವುದರಿಂದ ಹೆಚ್ಚು ಮಾರಾಟವಿರುವ ಅಂಗಡಿಯಿಂದಲೇ ಕೊಳ್ಳಿ, ಅಂಚೆಯಲ್ಲಿ ಮಡಚದೆ ರಟ್ಟಿನ ನಡುವೆ ಇಟ್ಟು ಕಳಿಸಲು ಕೇಳಿ. ಮಡಿಕೆ ಬಿದ್ದ ಗೆರೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಬಂದ ಮೇಲೆ ಜಿಪ್ ಚೀಲದಲ್ಲಿ ಹಾಕಿ, ಪುಸ್ತಕದೊಳಗೆ ಮಟ್ಟಸವಾಗಿ, ಬಿಸಿಲು ಬೀಳದ ಕಪಾಟಿನಲ್ಲಿಡಿ. ಸುಲಿದು ವ್ಯರ್ಥವಾಗುವುದನ್ನೂ ಸೇರಿಸಿ ಒಂದು ಹಾಳೆ ನಾಲ್ಕೈದು ಕಾರಿಗೆ ಬರುತ್ತದೆ. ಮೊದಲ ಸಲ ಹಚ್ಚುವವರು ಅದರಲ್ಲಿ ಒಂದು ಕಾರಿನ ಪಾಲನ್ನು ಕೆಟ್ಟುಹೋದ ಹಳೆಯ ಬಾಡಿಯ ಮೇಲೆ ಕಳೆಯಲೆಂದೇ ಎತ್ತಿಡಲಿ.